ರಾತ್ರಿ ಬರುವ ಫೋನು

ಮೊದಲೇ ಹೇಳಿಬಿಡುತ್ತೇನೆ. ಹೆಸರು, ಊರು, ಮನೆಯ ಒಂದೆರಡು ಸಂಗತಿ ಬದಲಿಸಿದ್ದೇನೆ, ಬರೆಯಲಾ ಅಂತ ಕೇಳಿಯೇ ಬರೆಯುತ್ತಿದ್ದೇನೆ. ಸೀಮಾ ಅಂತ ಕರೆಯೋಣ. ಕುಮಟಾ ಕಡೆಯವಳು, 33 ವರ್ಷ, ಮಕ್ಕಳ ಹೃದಯದ ಡಾಕ್ಟರು. ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಕ್ಕಳಿಗೆ ಹೃದಯ ಕಸಿ ಮಾಡುವ ತಂಡದಲ್ಲಿ ಫೆಲೋಶಿಪ್ ಮಾಡುತ್ತಿದ್ದಾಳೆ. ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವಳು, ಅದಕ್ಕೆ ಇಲ್ಲಿ ‘ಅವಳು’ ಅಂತಿದ್ದೇನೆ. ಎದುರಿಗೆ ಕೂತಾಗ ‘ನೀವು’ ಅಂತಲೇ ಮಾತಾಡಿಸಿದ್ದು.

ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದು ಆಷಾಢದಲ್ಲಿ, ಹತ್ತು ದಿನದ ರಜೆಯ ಮೇಲೆ. ಹೊರಗೆ ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು, ಸ್ವಲ್ಪ ಜೋರಾಗಿ ಮಾತಾಡಿ ಅಂತ ಎರಡು ಸಲ ಹೇಳಬೇಕಾಯಿತು. ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಐದು ನಿಮಿಷಕ್ಕೆ ನನ್ನ ಫೋನ್ ರಿಂಗಾಯಿತು, ಗ್ಯಾಸ್ ಸಿಲಿಂಡರ್‌ನವನದ್ದು. ಅವಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಕೈ ಜೇಬು ಹುಡುಕುತ್ತಿತ್ತು, ಚೂಡಿದಾರಕ್ಕೆ ಜೇಬೇ ಇರಲಿಲ್ಲ. ಆಮೇಲೆ ನಾಚಿಕೆಯಿಂದ ನಕ್ಕಳು. ‘ರಿಂಗ್‌ಟೋನ್ ಮೂರು ಸಲ ಬದಲಿಸಿದೆ ಮೇಡಂ, ಯಾವುದು ಇಟ್ಟರೂ ಅದೇ ಕಥೆ.’

ಕೇಳಲು ಬಂದಿದ್ದು ಮಾತ್ರ ಬೇರೆ. ಕೆಲಸ ಬಿಟ್ಟು ಕುಮಟೆಯಲ್ಲಿ ಸಣ್ಣ ಕ್ಲಿನಿಕ್ ಹಾಕಲಾ? ಕೆಮ್ಮು-ನೆಗಡಿ ನೋಡಿಕೊಂಡು, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ, ಆಯಿ ಮಾಡಿದ ಊಟ ಮಾಡಿಕೊಂಡು ಇದ್ದುಬಿಡಲಾ? ನಾನು ತಪ್ಪು ಮಾಡಿದ್ದು ಇಲ್ಲೇ. ಇದೊಂದು ಉದ್ಯೋಗದ ಗೊಂದಲ ಅಂದುಕೊಂಡು, ಪಿಯುಸಿ ಮಕ್ಕಳಿಗೆ ಮಾಡಿಸುವ ಹಾಗೆ, ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿ ಲಾಭ ಇನ್ನೊಂದು ಬದಿ ನಷ್ಟ ಬರೆಯಿರಿ ಅಂತ ಕೊಟ್ಟೆ. ಪಾಪ, ಬರೆದಳು. ನಷ್ಟದ ಬದಿಯಲ್ಲಿ ಎರಡೇ ಪದ ಇದ್ದವು. ‘ಒಂಬತ್ತು ದಿನ.’

ಅದೇನು ಅಂತ ಕೇಳಿದ ಮೇಲೆ ಇಡೀ ಕಥೆ ಹೊರಗೆ ಬಂತು.

ಆರು ವರ್ಷದ ಹುಡುಗ. ಡೈಲೇಟೆಡ್ ಕಾರ್ಡಿಯೋಮಯೋಪತಿ. ಹೃದಯದ ಸ್ನಾಯು ಸೋತು, ಸಡಿಲಾಗಿ ಊದಿಕೊಂಡು, ರಕ್ತ ಒತ್ತುವ ಶಕ್ತಿ ಕಳಕೊಳ್ಳುವ ಕಾಯಿಲೆ. ಔಷಧಿಗೆ ಬಗ್ಗದಿದ್ದರೆ ಉಳಿಯುವ ದಾರಿ ಕಸಿ ಒಂದೇ. ಆದರೆ ದೊಡ್ಡವರ ಹೃದಯ ಪುಟ್ಟ ಎದೆಯೊಳಗೆ ಹಿಡಿಸುವುದಿಲ್ಲ. ತೂಕ ಹೊಂದಬೇಕು, ರಕ್ತದ ಗುಂಪು ಹೊಂದಬೇಕು, ತೆಗೆದ ಮೇಲೆ ಸುಮಾರು ನಾಲ್ಕು ತಾಸಿನೊಳಗೆ ಇನ್ನೊಂದು ಎದೆಯಲ್ಲಿ ಬಡಿಯಲು ಶುರುವಾಗಬೇಕು. ಅಂದರೆ ಎಲ್ಲೋ ಇನ್ನೊಂದು ಮಗುವಿನ ಮಿದುಳು ಸತ್ತಿರಬೇಕು, ಅದನ್ನು ಡಾಕ್ಟರರ ಸಮಿತಿ ಎರಡೆರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು, ಆ ಮಗುವಿನ ಅಪ್ಪ ಅಥವಾ ಅಮ್ಮ ಆ ಹೊತ್ತಿನಲ್ಲಿ ಕಾಗದಕ್ಕೆ ಸಹಿ ಹಾಕಬೇಕು. ನಮ್ಮ ರಾಜ್ಯದಲ್ಲಾದರೆ ಯಾವ ಅಂಗ ಯಾರಿಗೆ ಅನ್ನುವುದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ. ಇಷ್ಟೆಲ್ಲ ಕೂಡಿ ಬಂದಾಗ ಸೀಮಾಳ ಫೋನ್ ಬಡಿಯುತ್ತದೆ. ಹೆಚ್ಚಾಗಿ ರಾತ್ರಿಯೇ.

ಅವಳು ಸರ್ಜನ್ ಅಲ್ಲ. ಯಾವ ಮಗುವನ್ನು ಕಸಿಯ ಪಟ್ಟಿಗೆ ಸೇರಿಸಬೇಕು, ಅಲ್ಲಿಯ ತನಕ ಹೇಗೆ ಉಳಿಸಿಕೊಳ್ಳಬೇಕು, ಬಂದ ಹೃದಯ ಒಳ್ಳೆಯದಾ, ಕಸಿ ಆದಮೇಲೆ ದೇಹ ಅದನ್ನು ಒಪ್ಪುತ್ತಾ, ಇವೆಲ್ಲ ಅವಳಂಥವರ ಕೆಲಸ. ಬೇರೆ ಊರಿನ ಐಸಿಯುನಿಂದ ಎಕೋ ವಿಡಿಯೋ, ಅಂದರೆ ಬಡಿಯುವ ಹೃದಯದ ಸ್ಕ್ಯಾನು, ಫೋನಿಗೆ ಬರುತ್ತದೆ. ಬೀಸಣಿಗೆ ಆಕಾರದ ಕಪ್ಪು ಚಿತ್ರ, ಒಳಗೆ ನಾಲ್ಕು ಕೋಣೆ ತೆರೆದು ಮುಚ್ಚಿ ತೆರೆದು ಮುಚ್ಚಿ, ಮೂಲೆಯಲ್ಲಿ ವಯಸ್ಸು. ‘ಚೆನ್ನಾಗಿ ಬಡೀತಿದ್ರೆ ಒಳಗಿಂದ ಖುಷಿ ಉಕ್ಕತ್ತೆ ಮೇಡಂ. ಆಮೇಲೆ ಆ ಮೂಲೆಯಲ್ಲಿರೋ ವಯಸ್ಸು ಕಾಣತ್ತೆ. ನನ್ನ ಮೇಲೆ ನನಗೇ ಹೇಸಿಗೆ ಆಗತ್ತೆ.’

ಆ ಹುಡುಗನಿಗೆ ಎರಡು ಹೃದಯ ಬಂದಿದ್ದವು. ಒಂದು ಅಳತೆಗೆ ಆಗಲಿಲ್ಲ. ಇನ್ನೊಂದರ ವಿಡಿಯೋ ನೋಡಿ, ಇದು ಸೋತಿದೆ, ಬೇಡ ಅಂದವಳು ಸೀಮಾನೇ. ಅದಾಗಿ ಒಂಬತ್ತನೇ ದಿನ ಹುಡುಗ ಹೋದ. ಅವನಿಗೆ ಬಸ್ಸಿನ ಹುಚ್ಚಂತೆ. ಸೀಮಾಳ ಅಪ್ಪ ಬಸ್ ಡ್ರೈವರ್ ಆಗಿದ್ದವರು ಅಂತ ಗೊತ್ತಾದ ಮೇಲೆ ದಿನಾ ರೌಂಡ್ಸ್‌ನಲ್ಲಿ ನಿಮ್ಮಪ್ಪನ ಬಸ್ ನಂಬರ್ ಎಷ್ಟು ಅಂತ ಕೇಳುತ್ತಿದ್ದನಂತೆ. ಇವಳಿಗೆ ನೆನಪಿಲ್ಲ, ಅಪ್ಪನಿಗೆ ಫೋನ್ ಮಾಡಿ ಕೇಳ್ತೇನೆ ಅಂದಿದ್ದಳು. ಕೇಳಿರಲಿಲ್ಲ.

ನಾನು ಆ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದೆ.

ಐದು ವಾರದಿಂದ ನಿದ್ದೆ ಮೂರು ತಾಸು. ಊಟ ಸೇರುತ್ತಿಲ್ಲ. ಸಾಯಬೇಕು ಅಂತ ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ, ಹಾಗೇನೂ ಇಲ್ಲ, ಕೇಳಲೇಬೇಕು. ಇಲ್ಲ ಅಂದಳು, ಸ್ವಲ್ಪ ತಡೆದು ‘ಎದ್ದೇಳದೇ ಇದ್ರೆ ಚೆನ್ನಾಗಿತ್ತು ಅನ್ಸತ್ತೆ’ ಅಂದಳು. ಅಷ್ಟು ಸಾಕಾಯಿತು ನನಗೆ. ಹುಬ್ಬಳ್ಳಿಯ ಮನೋವೈದ್ಯರೊಬ್ಬರಿಗೆ ಅವಳ ಎದುರೇ ಫೋನ್ ಮಾಡಿ ಮೂರನೇ ದಿನಕ್ಕೆ ಸಮಯ ತಗೊಂಡೆ. ಡಾಕ್ಟರುಗಳಷ್ಟು ಡಾಕ್ಟರ ಹತ್ತಿರ ಹೋಗಲು ಹಟ ಮಾಡುವವರು ಬೇರೆ ಇಲ್ಲ. ಹೋಗದಿದ್ದರೆ ನಾನು ಮುಂದೆ ಮಾತಾಡುವುದಿಲ್ಲ ಅಂದ ಮೇಲೆ ಹೋದಳು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್, ಅದರ ನಂಬರ್ 14416 ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ಇದು ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ನೀವೂ ಬರೆದಿಟ್ಟುಕೊಳ್ಳಿ.

ಎರಡನೇ ಸಲ ಬಂದಾಗ ಹುಡುಗನ ವಿಷಯ ತೆಗೆಯಲೇ ಇಲ್ಲ. ಈ ಕಸಿ ಅನ್ನೋದು ಮಕ್ಕಳಲ್ಲಿ ಹೇಗೆ ಶುರುವಾಯಿತು, ನನಗೆ ಗೊತ್ತಿಲ್ಲ, ಹೇಳಿ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಳದೇ ಮಾತಾಡಲಿ ಅನ್ನುವುದಷ್ಟೇ ನನ್ನ ಉದ್ದೇಶ.

ಹುಡುಗಿ ಬದಲಾಗಿಬಿಟ್ಟಳು. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದ್ದು 1967ರ ಡಿಸೆಂಬರ್ 3ಕ್ಕೆ, ಅದು ಎಲ್ಲರಿಗೂ ಗೊತ್ತು, ಮೂರೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಕಾಂಟ್ರೊವಿಟ್ಜ್ ಅನ್ನುವವರು ಮೂರು ವಾರವೂ ತುಂಬದ ಕೂಸಿಗೆ ಮಾಡಿದ್ದು ಯಾರಿಗೂ ನೆನಪಿಲ್ಲ ಅಂದಳು. ಆ ಕೂಸು ಆರೂವರೆ ತಾಸು ಬದುಕಿತು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೈಲಿ ಅನ್ನುವ ಸರ್ಜನ್ ಹಸುಗೂಸಿಗೆ ಬಬೂನ್ ಮಂಗದ ಹೃದಯ ಹಾಕಿದರು, ಅದು ಮೂರು ವಾರ. ಜಗತ್ತೆಲ್ಲ ಬೈಯಿತು. ಮಾರನೇ ವರ್ಷ ಅದೇ ಬೈಲಿ ನಾಲ್ಕು ದಿನದ ಕೂಸಿಗೆ ಇನ್ನೊಂದು ಕೂಸಿನ ಹೃದಯ ಹಾಕಿದರು, ಆ ಹುಡುಗ ದೊಡ್ಡವನಾಗಿ ಬೆಳೆದ. ನಮ್ಮ ದೇಶದಲ್ಲಿ ಮೊದಲು ಕೈಹಿಡಿದ ಹೃದಯ ಕಸಿ 1994ರ ಆಗಸ್ಟ್‌ನಲ್ಲಿ, ದೆಹಲಿಯ ಏಮ್ಸ್‌ನಲ್ಲಿ, ವೇಣುಗೋಪಾಲ್ ಅವರ ತಂಡದ್ದು.

ಆಮೇಲೆ ಟೊರಾಂಟೊದ ಲೋರಿ ವೆಸ್ಟ್ ಅವರ ಕೆಲಸ ವಿವರಿಸಿದಳು, ಅದು ನನಗೆ ತುಂಬ ಹಿಡಿಸಿತು. ಎಳೆಗೂಸುಗಳ ರಕ್ತಕ್ಕೆ ಬೇರೆ ಗುಂಪಿನ ರಕ್ತವನ್ನು ವಿರೋಧಿಸುವುದು ಇನ್ನೂ ಸರಿಯಾಗಿ ಗೊತ್ತಿರುವುದಿಲ್ಲವಂತೆ, ಹಾಗಾಗಿ ಗುಂಪು ಹೊಂದದ ಹೃದಯವನ್ನೂ ಹಾಕಬಹುದು. 2001ರಲ್ಲಿ ಅದು ಪ್ರಕಟವಾದ ಮೇಲೆ ಕಾಯುತ್ತಲೇ ಸಾಯುತ್ತಿದ್ದ ಎಷ್ಟೋ ಕೂಸುಗಳಿಗೆ ದಾರಿ ಆಯಿತು. ಇದನ್ನು ಹೇಳುವಾಗ ಸೀಮಾ ಮೇಜಿನ ಮೇಲೆ ಬೆರಳಿನಲ್ಲೇ ಎ, ಬಿ, ಓ ಬರೆದು ತೋರಿಸುತ್ತಿದ್ದಳು. ನನ್ನ ಫೋನ್ ಮತ್ತೆ ರಿಂಗಾಯಿತು. ಅವಳಿಗೆ ಕೇಳಿಸಲೇ ಇಲ್ಲ.

ವಿದ್ಯೆ ಬೇಸರವಾದವರು ಹೀಗೆ ಮಾತಾಡುವುದಿಲ್ಲ, ಅಲ್ವಾ? ಬೇಸರವಾಗಿದ್ದರೆ ಕ್ಲಿನಿಕ್ ಹಾಕಿ ಅಂತ ನಾನೇ ಹೇಳುತ್ತಿದ್ದೆ. ಇವಳಿಗೆ ಆಗಿದ್ದು ದುಃಖ, ಅದರ ಮೇಲೆ ದಣಿವು.

ದಣಿವಿನ ಲೆಕ್ಕವನ್ನೂ ಕೂತು ಹಾಕಿದೆವು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಒಂದು ವರ್ಷ ಕಡ್ಡಾಯ ಗ್ರಾಮೀಣ ಸೇವೆ. ಪಿಜಿ ಸೀಟಿಗೆ ಓದುತ್ತಾ ಒಂದು ವರ್ಷ. ಮಕ್ಕಳ ವಿಭಾಗದ ಎಂಡಿ ಮೂರು ವರ್ಷ, ಮಕ್ಕಳ ಹೃದ್ರೋಗ ಇನ್ನು ಮೂರು, ಈಗ ಫೆಲೋಶಿಪ್. 18ಕ್ಕೆ ಕಾಲೇಜಿಗೆ ಹೋದವಳು 33ಕ್ಕೂ ಒಂದು ಲೆಕ್ಕದಲ್ಲಿ ವಿದ್ಯಾರ್ಥಿನಿಯೇ. ಜೊತೆಗೆ ಓದಿದವರು ಹುಬ್ಬಳ್ಳಿ, ದಾವಣಗೆರೆಯಲ್ಲಿ ಸ್ವಂತ ಆಸ್ಪತ್ರೆ ಕಟ್ಟಿದ್ದಾರೆ. ಮನೆಯಲ್ಲಿ ಆಯಿ ಜಾತಕ ಹಿಡಿದು ಕೂತಿದ್ದಾರೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ, ನಿಮಗೇ ಗೊತ್ತು.

ಮೂರನೇ ಸಲ ಅಪ್ಪನನ್ನೂ ಕರೆದುಕೊಂಡು ಬನ್ನಿ ಅಂದೆ. ವಾಯವ್ಯ ಸಾರಿಗೆಯಲ್ಲಿ ಇಪ್ಪತ್ತೆಂಟು ವರ್ಷ ಬಸ್ ಹೊಡೆದವರು, ಅದರಲ್ಲಿ ಹೆಚ್ಚಿನದು ದೇವಿಮನೆ ಘಟ್ಟದ ದಾರಿ. ನಾನು ಶಾಲೆಯಲ್ಲಿ ಕಲಿಸಿದವಳಲ್ಲದಿದ್ದರೂ ಈ ಕಡೆ ಪದ್ಧತಿ ಹಾಗೇ, ಅವರಿಗೆ ನಾನು ‘ಅಕ್ಕೋರು’. ಮಗಳ ಕೆಲಸ ಏನು ಅಂತ ಅವರಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ‘ಹಾರ್ಟ್ ಡಾಕ್ಟರು’ ಅಷ್ಟೇ. ನೀವೇ ಹೇಳಿ ಅಂದೆ ಸೀಮಾಗೆ. ಹೇಳಿದಳು, ಫೋನು, ನಾಲ್ಕು ತಾಸು, ವಿಡಿಯೋ, ಬಸ್ ನಂಬರ್ ಕೇಳಿದ ಹುಡುಗ. ಆತ ಟೋಪಿ ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ತಿರುವುತ್ತಾ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

‘ಬೆಂಗ್ಳೂರು ಬಸ್ಸಿಗೆ ನಂಗೆ ಎರಡನೇ ಡ್ರೈವರ್ ಇರ್ತಿದ್ದ. ನಿಂಗೆ ಇಲ್ವಾ ತಂಗಿ?’

ಇರಲಿಲ್ಲ. ಅಂದರೆ ಕಾಗದದಲ್ಲಿ ಇದ್ದರು, ಇನ್ನೊಬ್ಬರು ರಜೆಯ ಮೇಲೆ ಹೋಗಿ ನಾಲ್ಕು ತಿಂಗಳಾಗಿತ್ತು, ಅವರ ರಾತ್ರಿಗಳೂ ಇವಳ ತಲೆಗೇ ಬಂದಿದ್ದವು. ಇವಳು ಇಲ್ಲ ಅನ್ನದೇ ಮಾಡುತ್ತಿದ್ದಳು. ‘ಎರಡು ಡ್ಯೂಟಿ ಸೇರಿಸಿ ಹೊಡೆದ್ರೆ ಘಟ್ಟದಲ್ಲಿ ಕಣ್ಣು ಹತ್ತೂದೇಯ’ ಅಂದರು ಅಪ್ಪ. ‘ಡಿಪೋದಲ್ಲಿ ಜಗಳ ಆಡ್ಬೇಕು. ಸ್ಟಿಯರಿಂಗ್ ಹಿಡ್ಕಂಡ ಮೇಲೆ ಆಡೂಕಾಗ.’ ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಕೊನೆಗೆ ನಾನು ಕೊಟ್ಟ ಸಲಹೆ ಇಷ್ಟು. ದೀಪಾವಳಿ ತನಕ ರಾಜೀನಾಮೆ ಬೇಡ. ಆಷಾಢ ಅಂತಲ್ಲ ಮಾರಾಯ್ರೆ, ಐದು ವಾರ ನಿದ್ದೆಗೆಟ್ಟ ತಲೆ ಎಮ್ಮೆ ಕೊಳ್ಳುವುದಕ್ಕೂ ಲಾಯಕ್ಕಿಲ್ಲ. ರಾತ್ರಿ ಡ್ಯೂಟಿಯ ಪಟ್ಟಿಯನ್ನು ಬರಹದಲ್ಲಿ ಕೇಳಿ, ಡ್ಯೂಟಿ ಇಲ್ಲದ ರಾತ್ರಿ ಫೋನ್ ಇನ್ನೊಬ್ಬರ ಕೈಯಲ್ಲಿರಲಿ. ಆಸ್ಪತ್ರೆ ಕರೆಗೆ ಬೇರೆ ಸಿಮ್, ಮನೆಗೆ ಬೇರೆ ಸಿಮ್.

ಆ ಎರಡನೇ ಹೃದಯದ ವಿಷಯವನ್ನು ಒಳಗೇ ಬೇಯಿಸಿಕೊಳ್ಳಬೇಡಿ, ಆ ರಾತ್ರಿಯ ನೋಟ್ಸ್ ತೆಗೆದು ಹಿರಿಯರ ಜೊತೆ ಕೂತು ಓದಿ ಅಂದೆ. ಇದನ್ನು ಅವಳು ಮಾಡಿದ್ದು ಎರಡು ತಿಂಗಳ ಮೇಲೆ. ಅದೇ ವಿಡಿಯೋವನ್ನು ಅವಳ ಸೀನಿಯರ್ ಇಬ್ಬರು, ಸರ್ಜನ್ ಒಬ್ಬರು ನೋಡಿ ಬೇಡ ಅಂತಲೇ ಬರೆದಿದ್ದರು. ಅವಳ ನೆನಪಿನಲ್ಲಿ ಮಾತ್ರ ಆ ರಾತ್ರಿ ಅವಳೊಬ್ಬಳೇ ಇದ್ದಳು.

ಇನ್ನೊಂದು ಸಲಹೆ ನನಗೆ ತಡವಾಗಿ ಹೊಳೆಯಿತು. ಅವಳ ಡ್ಯೂಟಿ ಪೂರ್ತಿ ಐಸಿಯುನಲ್ಲಿತ್ತು. ಕಾಯುವ ಮಕ್ಕಳು, ಹೋಗುವ ಮಕ್ಕಳು, ಇಷ್ಟೇ ಕಣ್ಣಿಗೆ ಬೀಳುತ್ತಿದ್ದುದು. ಕಸಿ ಆಗಿ ಮನೆಗೆ ಹೋದವರು ಬೇರೆ ದಿನ ಒಪಿಡಿಗೆ ಬರುತ್ತಾರೆ. ವಾರಕ್ಕೆ ಒಂದು ಮಧ್ಯಾಹ್ನ ಅಲ್ಲಿ ಕೂರಲು ಕೇಳಿ ಅಂದೆ. ಈಗ ಕೂರುತ್ತಾಳೆ. ಅಲ್ಲೂ ತಲೆನೋವು ಕಡಿಮೆ ಇಲ್ಲ. ದೇಹ ಹೊಸ ಹೃದಯವನ್ನು ತಳ್ಳದಂತೆ ಟ್ಯಾಕ್ರೊಲಿಮಸ್ ಮಾತ್ರೆ ದಿನಕ್ಕೆ ಎರಡು ಹೊತ್ತು, ಗಡಿಯಾರ ನೋಡಿಕೊಂಡು, ಜೀವಮಾನ ಪೂರ್ತಿ. ಸಣ್ಣವರಿದ್ದಾಗ ಅಮ್ಮ ಕೊಡುತ್ತಾಳೆ, ಹದಿನಾಲ್ಕಾದ ಮೇಲೆ ಮಕ್ಕಳು ಯಾರಿಗೂ ಹೇಳದೆ ಮಾತ್ರೆ ತಪ್ಪಿಸುತ್ತಾರೆ. ಮೊನ್ನೆ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ಅರ್ಧ ಗಂಟೆ ಬೈದೆ ಮೇಡಂ ಅಂದಳು. ಕಸಿ ಮಾಡುವಾಗ ನರ ಕಡಿದಿರುತ್ತಾರಲ್ಲ, ಹಾಗಾಗಿ ಸುಮ್ನೆ ಕೂತಿದ್ದರೂ ಆ ಹೃದಯ ಸ್ವಲ್ಪ ಜೋರಾಗಿ ಓಡುತ್ತಿರುತ್ತದಂತೆ. ‘ನಾಡಿ ಹಿಡಿದು ಬೈಯ್ಯೋದು ಕಷ್ಟ’ ಅಂತ ನಕ್ಕಳು.

ಪಿಯುಸಿ ಮಕ್ಕಳ ಅಪ್ಪ-ಅಮ್ಮ ಇದನ್ನು ಓದುತ್ತಿದ್ದರೆ ಒಂದು ಮಾತು. ಹಾರ್ಟ್ ಸರ್ಜನ್ ಆಗ್ತಾನೆ ಅಂತ ಶಿರಸಿಯಿಂದ ಮಗನನ್ನು ಕರೆತರುವವರಿಗೆ ನಾನೀಗ ಈ ವರ್ಷಗಳ ಲೆಕ್ಕ ಮೊದಲು ತೋರಿಸುತ್ತೇನೆ. ಸರ್ಜನ್‌ಗೆ ಎಂಬಿಬಿಎಸ್ ಆದಮೇಲೆ ಎಂಎಸ್ ಮೂರು, ಎಂಸಿಎಚ್ ಮೂರು, ಮಕ್ಕಳ ಹೃದಯಕ್ಕೆ ಬೇರೆ ತರಬೇತಿ. ಇಡೀ ಜಗತ್ತಿನಲ್ಲೇ ಮಕ್ಕಳ ಹೃದಯ ಕಸಿ ವರ್ಷಕ್ಕೆ ಕೆಲವೇ ನೂರು, ಅದೊಂದನ್ನೇ ಮಾಡಿಕೊಂಡು ಯಾರೂ ಬದುಕುವುದಿಲ್ಲ, ದಿನದ ಅನ್ನ ಹುಟ್ಟು ಹೃದ್ರೋಗದ ಮಕ್ಕಳಿಂದಲೇ. ಮತ್ತೆ, ಆಪರೇಷನ್ ಹೊತ್ತಿಗೆ ಹೃದಯ-ಶ್ವಾಸಕೋಶದ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್, ಮಗು ಕಳಕೊಂಡ ಮನೆಯವರ ಹತ್ತಿರ ಮಾತಾಡುವ ಕಸಿ ಸಂಯೋಜಕರು, ಐಸಿಯು ನರ್ಸ್ ಇವರಿಲ್ಲದೆ ಯಾವ ಸರ್ಜನ್‌ನ ಕೈಯೂ ಓಡುವುದಿಲ್ಲ. ಪರ್ಫ್ಯೂಷನ್‌ಗೆ ಬಿಎಸ್ಸಿ ಇದೆ ಅಂದರೆ ಮುಕ್ಕಾಲು ಜನ ಮುಖ ಸಣ್ಣದು ಮಾಡುತ್ತಾರೆ.

ಕುಮಟೆಯ ಕ್ಲಿನಿಕ್ ವಿಷಯ ಇನ್ನೂ ಮುಗಿದಿಲ್ಲ. ಅದು ಸೋಲು ಅಂತ ನಾನು ಯಾವತ್ತೂ ಹೇಳಲಿಲ್ಲ. ಸಾವಿರ ಹೆರಿಗೆಗೆ ಎಂಟೋ ಒಂಬತ್ತೋ ಕೂಸುಗಳಿಗೆ ಹುಟ್ಟುತ್ತಲೇ ಹೃದಯದ ತೊಂದರೆ ಇರುತ್ತದೆ. ನಮ್ಮ ಕಡೆಯವರು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವುದನ್ನು ಯಾರು ನೋಡಿಲ್ಲ? ಸೀಮಾ ಆ ಕೆಲಸದಿಂದ ತಪ್ಪಿಸಿಕೊಂಡು ಓಡಿ ಬರುವುದು ಬೇಡ, ಬೇಕು ಅಂತಲೇ ಬರುವುದಾದರೆ ಬರಲಿ, ಅಷ್ಟೇ ನನ್ನ ಮಾತು. ಸದ್ಯಕ್ಕೆ ತಿಂಗಳಿಗೊಂದು ಭಾನುವಾರ ಊರಿಗೆ ಬಂದಾಗ ಪರಿಚಯದ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂಸುಗಳ ಎಕೋ ನೋಡಿಕೊಡುತ್ತಾಳೆ. ಮನೋವೈದ್ಯರು ಅವಳಿಗೆ ಕೊಟ್ಟ ಮಾತ್ರೆಯ ಡೋಸ್ ಇಳಿದಿದೆ, ನಿಂತಿಲ್ಲ. ರಾತ್ರಿ ಫೋನ್ ಬಂದರೆ ಈಗಲೂ ಎದೆ ಧಸಕ್ ಅನ್ನುತ್ತದೆ, ಆದರೆ ಅದು ವಾರಕ್ಕೆ ಎರಡು ರಾತ್ರಿ ಮಾತ್ರ.

ಅಪ್ಪ ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರದ ಖೋಲಿಯೊಂದರ ಬಾಡಿಗೆ ವಿಚಾರಿಸಿ ಬಂದಿದ್ದಾರೆ. ‘ನಾ ಹೇಳಿದ್ರೆ ಬೈತದೆ ಅಕ್ಕೋರೆ, ನೀವು ಹೆಂಗೂ ಬರಿತ್ರಲ್ಲ, ಅದ್ರಲ್ಲೇ ಸೇರ್ಸಿಬಿಡಿ’ ಅಂದರು. ಸೇರಿಸಿದ್ದೇನೆ, ಸೀಮಾ. ಬಸ್ಸಿನ ನಂಬರನ್ನೂ ಚೀಟಿಯಲ್ಲಿ ಬರೆದು ಕೊಟ್ಟು ಹೋಗಿದ್ದಾರೆ, ನನ್ನ ಡ್ರಾಯರಿನಲ್ಲಿದೆ. ಬಂದಾಗ ತಗೊಳ್ಳಿ.