ಕಡಲಿನ ಮುನ್ಸೂಚನೆಯನ್ನು ಯಾರು ಪರೀಕ್ಷಿಸುತ್ತಾರೆ?

ಪ್ರಶ್ನೆ: ನಮ್ಮದು ಕುಂಬಳೆಯ ಕಡಲ ಬದಿ. ಅಣ್ಣ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಮೊಬೈಲಿನ ಒಂದು ಆ್ಯಪ್ 2 ಮೀಟರ್ ಅಲೆ ಅಂತ ತೋರಿಸಿತು, ದೋಣಿ ಇಳಿಸಲಿಲ್ಲ. ನೋಡಿದರೆ ಕಡಲು ತಣ್ಣಗಿತ್ತು. ಇಡೀ ಪ್ರಪಂಚದ ಕಡಲಿಗೆ ಲೆಕ್ಕ ಹಾಕುವ ಈ ಕಂಪ್ಯೂಟರ್ ಮಾದರಿಗಳು ಸರಿಯೋ ತಪ್ಪೋ ಅಂತ ಯಾರಾದರೂ ನೋಡುತ್ತಾರಾ?

ಉತ್ತರ: ನೋಡುತ್ತಾರೆ. ಮೊದಲೇ ಹೇಳಿದ್ದನ್ನು ತೆಗೆದಿಟ್ಟು, ಆಮೇಲೆ ಅದೇ ಜಾಗದಲ್ಲಿ ಅದೇ ಹೊತ್ತಿಗೆ ಅಳೆದದ್ದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅಲೆಯನ್ನು ಅಳೆಯಲು ಕಡಲಲ್ಲಿ ತೇಲುವ ಬಾಯ್ (buoy) ಎಂಬ ಉಪಕರಣಗಳಿವೆ, ಮೇಲಿಂದ ಉಪಗ್ರಹಗಳಿವೆ. ಆಳದ ನೀರಿನ ಬಿಸಿ, ಉಪ್ಪು ತಿಳಿಯಲು ಆರ್ಗೋ ಎಂಬ ತೇಲುವ ಯಂತ್ರಗಳಿವೆ. ಪ್ರಪಂಚದಲ್ಲಿ ಸುಮಾರು 4000 ಇವೆ. ಸಾಮಾನ್ಯವಾಗಿ 10 ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಅಳೆಯುತ್ತಾ ಮೇಲೆ ಬಂದು ಉಪಗ್ರಹಕ್ಕೆ ವರದಿ ಕಳಿಸುತ್ತವೆ.

ಇಲ್ಲೊಂದು ತೊಡಕಿದೆ. ಇದೇ ಅಳತೆಗಳನ್ನು ಮಾದರಿಗೂ ಊಡಿಸುತ್ತಾರೆ. ಉತ್ತರ ಹೇಳಿಕೊಟ್ಟು ಪರೀಕ್ಷೆ ಮಾಡಿದರೆ ಎಲ್ಲರೂ ಪಾಸು, ಅಲ್ವಾ? ಅದಕ್ಕೇ ಮುನ್ಸೂಚನೆ ಕೊಟ್ಟ ಮೇಲೆ ಬಂದ ಅಳತೆಯಿಂದಲೇ ಪರೀಕ್ಷಿಸಬೇಕು. ಇನ್ನೊಂದು, ಕಡಲು ನಿಧಾನವಾಗಿ ಬದಲಾಗುತ್ತದೆ, 'ಇವತ್ತು ಇದ್ದ ಹಾಗೇ ನಾಳೆಯೂ' ಅಂತ ಸುಮ್ನೆ ಹೇಳಿದರೂ ಎಷ್ಟೋ ಸಲ ಸರಿಯಾಗುತ್ತದೆ. ಅದಕ್ಕಿಂತ ಚೆನ್ನಾಗಿ ಹೇಳದ ಮಾದರಿಯಿಂದ ಏನು ಪ್ರಯೋಜನ? ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ.

ಇನ್ನು ನಿಮ್ಮ 2 ಮೀಟರ್. ಅದು ಒಂದು ಅಲೆಯ ಎತ್ತರ ಅಲ್ಲ, ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ನಡುವೆ ಅದರ ಹತ್ತಿರ ಹತ್ತಿರ ಎರಡರಷ್ಟು ಎತ್ತರದ ಅಲೆಯೂ ಬರಬಹುದು. ಜಾಗತಿಕ ಮಾದರಿಗೆ ಕಡಲೆಂದರೆ ಹಲವು ಕಿಲೋಮೀಟರ್ ಅಗಲದ ಚೌಕಗಳು. ಕುಂಬಳೆ ಹೊಳೆಯ ಅಳಿವೆ, ದಡದ ಮರಳು ದಿಬ್ಬ ಅದಕ್ಕೆ ಕಾಣುವುದಿಲ್ಲ. ದಡದಲ್ಲಿ ನಿಂತು ನೋಡಿದ್ದನ್ನು ಅದರ ಅಂಕಿಗೆ ನೇರವಾಗಿ ಹೋಲಿಸಬೇಡಿ.

ಹಾಗಂತ ಅದನ್ನು ಬಿಟ್ಟುಬಿಡಬೇಡಿ. ಮಲಯಾಳದಲ್ಲಿ ಕಳ್ಳಕ್ಕಡಲ್ ಅನ್ನುತ್ತಾರಲ್ಲ, ನಮ್ಮಲ್ಲಿ ಗಾಳಿಯೇ ಇಲ್ಲದಿದ್ದರೂ ನೀರು ಮನೆಯಂಗಳಕ್ಕೆ ನುಗ್ಗುವುದು, ಅದು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ಒಂದರ ಹಿಂದೆ ಒಂದು 15 ಸೆಕೆಂಡಿಗೆ ಬರುವ ಅಂಥ ಅಲೆಗಳು ದಿನಕ್ಕೆ ಸುಮಾರು 1000 ಕಿ.ಮೀ. ಸಾಗುತ್ತವೆ, ನಮ್ಮ ದಡ ಮುಟ್ಟಲು ದಿನಗಳೇ ಬೇಕು. ಅಷ್ಟು ದೂರದಿಂದ ಹೊರಟದ್ದನ್ನು ಮೊದಲೇ ಹೇಳಲು ದೊಡ್ಡ ಸಾಗರದ ಲೆಕ್ಕ ಬೇಕೇ ಬೇಕು.

ಅಣ್ಣನಿಗೆ ಹೇಳಿ, ಎತ್ತರದ ಜೊತೆ ಒಂದು ಅಲೆಯ ಹಿಂದೆ ಇನ್ನೊಂದು ಎಷ್ಟು ಸೆಕೆಂಡಿಗೆ ಬರುತ್ತದೆ ಅನ್ನುವುದನ್ನೂ ನೋಡಲಿ. ನಮ್ಮ ಕರಾವಳಿಗೆಂದೇ ಹೈದರಾಬಾದಿನ ಇನ್‌ಕಾಯ್ಸ್ (ಕಡಲ ಮಾಹಿತಿಯ ಕೇಂದ್ರ ಸರಕಾರಿ ಸಂಸ್ಥೆ) ಕೊಡುವ ಮುನ್ಸೂಚನೆಯನ್ನೂ ನೋಡಲಿ. ಎಚ್ಚರಿಕೆ ಇದ್ದ ದಿನ ದೋಣಿ ಇಳಿಸುವುದು ಬೇಡ.