ಫೈನಲ್‌ಗೆ ಮೂರು ವಾರ ಇದೆ. ಮ್ಯಾಚ್ ನೋಡುವ ಗೆಳೆಯರಿಗೆ ಮನೆಯಲ್ಲೇ ಲಾಗರ್ ಮಾಡಿ ಹಂಚಬಹುದೇ?

ಮೂರೇ ವಾರದಲ್ಲಿ, ಅದೂ ತಂಪಿನಲ್ಲಿ ನಿಧಾನಕ್ಕೆ ಹುದುಗುವ ಲಾಗರ್ ಬಿಯರ್, ಅದೂ ಮೊದಲನೇ ಸಲ! ಬೇಡ. ಬಿಯರ್ ಮಾಡಲೇಬೇಡಿ ಅನ್ನುತ್ತಿಲ್ಲ, ಫೈನಲ್‌ಗೆ ಅಂತ ಮಾಡಬೇಡಿ. ಗೆಳೆಯರಿಗೆಲ್ಲ ಆಗಲೇ ಮಾತು ಕೊಟ್ಟಾಗಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ಎದೆ ಧಸಕ್ಕೆಂದಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಆಸಾಮಿ ನಾನೂ ಹೌದು.

ನಮ್ಮದೊಂದು ಕ್ರಿಕೆಟ್ ಗುಂಪು. ಆಡುವ ಗುಂಪಲ್ಲ, ನೋಡುವ ಗುಂಪು. ಟಾಸ್‌ನಿಂದ ಹಿಡಿದು ಬಹುಮಾನ ಕೊಡುವವರೆಗೂ ಕದಲದೆ ಕೂತು, ಥರ್ಡ್ ಅಂಪೈರ್‌ಗೂ ತೀರ್ಪು ಹೇಳಿಕೊಡುವ ಪೈಕಿ. ಅಷ್ಟು ಹೊತ್ತಿಗೆ ನಾನು ಮಾಡಿದ್ದ ಬಿಯರ್ ಕುಡಿದು ಒಂದಿಬ್ಬರು ಹೊಗಳಿದ್ದರು. ಹೊಗಳಿಕೆ ಬಿಯರಿಗಿಂತ ಬೇಗ ತಲೆಗೇರುತ್ತದೆ. ಟೂರ್ನಿಯ ಮೊದಲ ಪಂದ್ಯ ಗೆದ್ದ ಖುಷಿಯಲ್ಲಿ "ಫೈನಲ್‌ಗೆ ಬಿಯರ್ ನಂದು" ಅಂದುಬಿಟ್ಟೆ.

ಮಾಡಿದ್ದೆಲ್ಲ ಸರಿಯಾಗೇ ಇತ್ತು. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, 66 ಡಿಗ್ರಿಯ ನೀರಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಕಹಿ ಕೊಡುವ ಹಾಪ್ಸ್ ಹೂವು ಹಾಕಿ ಇನ್ನೊಂದು ಗಂಟೆ ಕುದಿಸಿ, ಬೇಗ ತಣ್ಣಗೆ ಮಾಡಿ ಏಲ್ ಯೀಸ್ಟ್ ಹಾಕಿದೆ. ಏಲ್ ಅಂದರೆ ಲಾಗರ್‌ಗಿಂತ ಬೆಚ್ಚಗಿನಲ್ಲಿ, ಬೇಗ ಹುದುಗುವ ಬಿಯರ್. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.050 ತೋರಿಸಿತು. ಬರೀ ನೀರಿಗೆ ಅದು 1.000; ಯೀಸ್ಟ್ ಸಕ್ಕರೆ ತಿಂದು ಮದ್ಯ ಮತ್ತು ಗ್ಯಾಸ್ ಮಾಡಿದಂತೆಲ್ಲ ಅಂಕಿ ಇಳಿಯುತ್ತದೆ. ಹುದುಗಿ ಮುಗಿದಾಗ ಅದು 1.012ರ ಆಸುಪಾಸಿಗೆ ಇಳಿಯಬೇಕು. ಮೊದಮೊದಲು ಏರ್‌ಲಾಕ್‌ನಲ್ಲಿ, ಅಂದರೆ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳದ ಕೊಳವೆಯಲ್ಲಿ, ಗುಳ್ಳೆಗಳ ಸದ್ದೋ ಸದ್ದು. ಆಮೇಲೆ ರಾತ್ರಿ ಚಳಿ ಹೆಚ್ಚಾಯಿತು, ಗುಳ್ಳೆ ನಿಂತಿತು.

ಕೆಟ್ಟದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಟಲಿಯಲ್ಲಿ ಗ್ಯಾಸ್ ಹಿಡಿಯಲು ಕಡೇಪಕ್ಷ ಎರಡು ವಾರ ಬೇಕು. ಫೈನಲ್‌ನ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವತ್ತು ರಾತ್ರಿಯೇ ತುಂಬಬೇಕಿತ್ತು. ಹೈಡ್ರೋಮೀಟರ್ ಹಾಕಿ ನೋಡಲಿಲ್ಲ ಅಂದುಕೊಳ್ಳಬೇಡಿ, ನೋಡಿದೆ. 1.018 ಅಂತ ಕಣ್ಣೆದುರೇ ಇತ್ತು. "ಈ ಯೀಸ್ಟ್ ಕೈಲಿ ಇಷ್ಟೇ ಆಗೋದು, ಗುಳ್ಳೆನೂ ನಿಂತಿದೆಯಲ್ಲ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುಳ್ಳೆ ನಿಂತರೆ ಹುದುಗು ಮುಗಿದಿದೆ ಅಂತ ಅರ್ಥವಲ್ಲ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ಬರುವುದಿಲ್ಲ, ಚಳಿಗೆ ಯೀಸ್ಟ್ ಮಂಕಾದರೂ ಬರುವುದಿಲ್ಲ. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ 18ರಿಂದ 22 ಡಿಗ್ರಿ ಹಿತ. ನನ್ನದು ಚಳಿಗೆ ಮುದುಡಿ ಮಲಗಿತ್ತು, ಅಷ್ಟೇ.

ಈಗ ಲೆಕ್ಕ ನೋಡಿ. ಬಿಯರಿನಷ್ಟೇ ಗಾತ್ರದ ಅನಿಲ ಅದರಲ್ಲಿ ಕರಗಿದ್ದರೆ ಒಂದು ವಾಲ್ಯೂಮ್ ಅನ್ನುತ್ತಾರೆ. ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಹಾಕಿ ಬಾಟಲಿ ತುಂಬಿದರೆ ಒಟ್ಟು 2.4 ವಾಲ್ಯೂಮ್ ಹತ್ತಿರ ಬರುತ್ತದೆ, ಅದು ಹದ. ಬಾಟಲಿಯ ಒಳಗೆ ಸಾಂದ್ರತೆ ಒಂದೊಂದು ಪಾಯಿಂಟ್ ಇಳಿದಾಗಲೂ, ಅಂದರೆ 1.018ರಿಂದ 1.017ಕ್ಕೆ ಬಂದಾಗ, ಇನ್ನೂ ಸುಮಾರು ಅರ್ಧ ವಾಲ್ಯೂಮ್ ಸೇರುತ್ತದೆ. ನನ್ನಲ್ಲಿ ಬಾಕಿ ಉಳಿದಿದ್ದು ಆರು ಪಾಯಿಂಟ್. ಮೂರು ವಾಲ್ಯೂಮ್ ಹೆಚ್ಚುವರಿ! ಒಟ್ಟು ಐದು ದಾಟಿತು. ಮಾಮೂಲಿ ಬಿಯರ್ ಬಾಟಲಿಯನ್ನು ಮೂರರ ಆಚೆ ನಂಬುವಂತಿಲ್ಲ. ಸಾಲದ್ದಕ್ಕೆ, ಗ್ಯಾಸ್ ಬೇಗ ಹಿಡಿಯಲಿ ಅಂತ ಬಾಟಲಿಗಳನ್ನು ಬೆಚ್ಚಗಿನ ಕೋಣೆಯಲ್ಲಿಟ್ಟೆ. ಮಲಗಿದ್ದ ಯೀಸ್ಟನ್ನು ನಾನೇ ತಟ್ಟಿ ಎಬ್ಬಿಸಿದ ಹಾಗಾಯಿತು.

ಫೈನಲ್ ದಿನ ಮೊದಲ ಬಾಟಲಿಯ ಮುಚ್ಚಳ ತೆಗೆದಾಗ ನೊರೆ ಎದ್ದು ಅರ್ಧ ಬಿಯರ್ ನೆಲದ ಪಾಲಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪವರ್‌ಪ್ಲೇ ಮುಗಿಯುವ ಹೊತ್ತಿಗೆ ಸೋಫಾ ಹಿಂದೆ ಇಟ್ಟಿದ್ದ ಪೆಟ್ಟಿಗೆಯಲ್ಲಿ ಒಂದು ಒಡೆಯಿತು. ಮನೆಯ ಯಜಮಾನ ಗೆಳೆಯ, ಪಾಪ, ಕಾರ್ಪೆಟ್ ಹಾಳಾಗದಿರಲಿ ಅಂತ ಪೆಟ್ಟಿಗೆ ಎಳೆಯಲು ಕೈ ಹಾಕಿದ. ಇನ್ನೊಂದು ಅಷ್ಟರಲ್ಲೇ ಸಿಡಿಯಿತು. ಅಂಗೈಗೆ ಹೊಲಿಗೆ ಬಿತ್ತು. ಎರಡನೇ ಇನಿಂಗ್ಸನ್ನು ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ, ಅವನ ಎಡಗೈಯಲ್ಲಿದ್ದ ಫೋನಿನಲ್ಲಿ ನೋಡಿದೆವು. ಮುಂದಿನ ಸೀಸನ್ ಪೂರ್ತಿ ನನ್ನ ಬಾಟಲಿಯನ್ನು ಒಬ್ಬರೂ ಮುಟ್ಟಲಿಲ್ಲ.

ಹಾಗಾಗಿ ಕ್ಯಾಲೆಂಡರ್ ಮುಚ್ಚಿಡಿ. ಎರಡು ಮೂರು ದಿನ ಬಿಟ್ಟು ಅಳೆದರೂ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು, ಆ ಅಂಕಿಯೂ ನಿರೀಕ್ಷೆಯ ಹತ್ತಿರ ಇರಬೇಕು. ಎರಡೂ ಆದರೆ ಮಾತ್ರ ತುಂಬಿ. ಮೇಲೆಲ್ಲೋ ನಿಂತುಬಿಟ್ಟಿದ್ದರೆ ಪಾತ್ರೆಯನ್ನು 20 ಡಿಗ್ರಿ ದಾಟುವಷ್ಟು ಬೆಚ್ಚಗೆ ಮಾಡಿ, ಮೆಲ್ಲಗೆ ಅಲ್ಲಾಡಿಸಿ, ಕಾಯಿರಿ. ತುಂಬುವಾಗ ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ. ದಿನಾ ಒತ್ತಿ ನೋಡಿ. ಒತ್ತಿದರೂ ಬಗ್ಗದಷ್ಟು ಗಟ್ಟಿಯಾದರೆ ಗಾಜಿನವೂ ತಯಾರು ಅಂತ ಲೆಕ್ಕ, ತಕ್ಷಣ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ. ಅನುಮಾನ ಬಂದ ಬಾಟಲಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲಿ.

ಲಾಗರ್ ವಿಷಯ ಎರಡೇ ಮಾತು. ಅದು 10ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗಬೇಕು, ಆಮೇಲೆ ವಾರಗಟ್ಟಲೆ ಸೊನ್ನೆಯ ಹತ್ತಿರದ ತಂಪಿನಲ್ಲಿ ಕೂರಬೇಕು. ಉಷ್ಣಾಂಶ ಹಿಡಿದಿಡುವ ಫ್ರಿಜ್ ಇಲ್ಲದಿದ್ದರೆ ಮರೆತುಬಿಡಿ. ಏಲ್ ಮಾಡಿ.

ಎಲ್ಲರಿಗೂ ಹಿಡಿಸುವ ಬಿಯರ್ ಯಾವುದು ಅಂತಲೂ ಕೇಳಿದ್ದೀರಿ. ಅಂಥದ್ದಿಲ್ಲ, ಹುಡುಕಬೇಡಿ. "ಎಂಟು ಪರ್ಸೆಂಟ್ ಆದರೂ ಇರಲಿ, ಕಿಕ್ ಬೇಕು" ಅನ್ನುವ ನಿಮ್ಮ ಗೆಳೆಯನ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ಮೂರೂವರೆ ಗಂಟೆಯ ಪಂದ್ಯಕ್ಕೆ ಅಂಥದ್ದು ಕುಡಿದವನು ಕೊನೇ ಓವರ್ ಹೊತ್ತಿಗೆ ಗೊರಕೆ ಹೊಡೆಯುತ್ತಿರುತ್ತಾನೆ. 1.040ರಲ್ಲಿ ಶುರುಮಾಡಿ 1.010ಕ್ಕೆ ಇಳಿದರೆ ಶೇಕಡಾ 4ರ ಹತ್ತಿರ ಬರುತ್ತದೆ. ಅಷ್ಟು ಸಾಕು. ಇಂಥ ಹಗುರ ಬಿಯರ್ ಬೇಗ ಕುಡಿಯುವ ಹದಕ್ಕೂ ಬರುತ್ತದೆ.

ಬಿಯರ್ ತಯಾರಾದ ವಾರ ಯಾವ ಪಂದ್ಯ ಇದೆಯೋ ಅದಕ್ಕೇ ಕರೆಯಿರಿ. ಸಪ್ಪೆ ಲೀಗ್ ಪಂದ್ಯವಾದರೆ ಇನ್ನೂ ಒಳ್ಳೆಯದು, ನಾಲಿಗೆಯ ಕಡೆಗೂ ಜನರ ಗಮನ ಇರುತ್ತದೆ. ಫೈನಲ್‌ನಲ್ಲಿ ಕೈಗೆ ಏನು ಕೊಟ್ಟರೂ ಗುಟುಕರಿಸುತ್ತಾರೆ, ಏನು ಕುಡಿದೆವು ಅಂತ ಯಾರಿಗೂ ನೆನಪಿರುವುದಿಲ್ಲ. ಹಿಂದಿನ ದಿನವೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ ತಣ್ಣಗೆ ಮಾಡಿ, ಗಸಿ ತಳಕ್ಕೆ ಕೂರಲಿ. ಜಗ್ಗಿಗೆ ಒಂದೇ ಧಾರೆಯಲ್ಲಿ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ. ಹೊರಗೆ ಸ್ಕ್ರೀನ್ ಹಾಕಿ ನೋಡುವುದಾದರೆ ಬಿಸಿಲಲ್ಲಿ ಇಡಬೇಡಿ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಬ್ಬು ನಾರುತ್ತದೆ. ಕಂದು ಬಾಟಲಿ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಬಾಟಲಿ ತಡೆಯುವುದಿಲ್ಲ.

ಖರ್ಚಿಗೆ ತಲೆಗಿಷ್ಟು ಅಂತ ದುಡ್ಡು ಎತ್ತಬಹುದಾ ಅಂದಿರಿ. ಎತ್ತಬೇಡಿ. ನೀವಿರುವ ಕಡೆ ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೂ ಕಾಸು ಕೈ ಬದಲಾಯಿಸಿದರೆ ಅದು ಮಾರಾಟ ಅನ್ನಿಸಿಕೊಳ್ಳಬಹುದು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಕೂಡ ತೆರಿಗೆ ಬಿಟ್ಟಿದ್ದು ಸ್ವಂತ ಬಳಕೆಯ ಬಿಯರಿಗೆ ಮಾತ್ರ, ಮಾರುವುದಕ್ಕಲ್ಲ. ದುಡ್ಡಿನ ಬದಲು ಖಾಲಿ ಬಾಟಲಿ ವಾಪಸ್ ಕೇಳಿ. ಕುಡಿದ ತಕ್ಷಣ ನೀರು ಹಾಕಿ ಕುಲುಕಿ ಇಡಲು ಹೇಳಿ, ಗಸಿ ಒಣಗಿ ಅಂಟಿಕೊಂಡರೆ ಬ್ರಷ್ ಹಾಕಿ ಉಜ್ಜಿದರೂ ಬಿಡುವುದಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ತಂದುಕೊಟ್ಟರೆ ಮಾತ್ರ ತಗೋಬೇಡಿ, ಅದರ ಬಾಯಿಗೆ ಓಪನರ್ ಹಾಕಿ ತೆಗೆಯುವ ಕ್ರೌನ್ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ.