ಅಡಿಸನ್ ಕಾಯಿಲೆ ಇರುವವರಿಗೆ ಡೆಂಗಿ, ಮಂಗನ ಕಾಯಿಲೆಯಿಂದ ಅಪಾಯ ಹೆಚ್ಚೇ?

ಕೊಪ್ಪದಲ್ಲಿರುವ ನಿಮ್ಮ ತಾಯಿಯವರು ಅಡಿಸನ್ ಕಾಯಿಲೆಗೆ (ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸದ ಸ್ಥಿತಿ) ದಿನವೂ ಹೈಡ್ರೊಕಾರ್ಟಿಸೋನ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಊರಿನಲ್ಲಿ ಜ್ವರದ ಸುದ್ದಿ ಕೇಳಿ ಭಯವಾಗುತ್ತಿದೆ ಎಂದಿದ್ದೀರಿ. ಹೌದು, ಅಪಾಯ ಹೆಚ್ಚು. ಆದರೆ ಸೋಂಕು ತಗಲುವುದಕ್ಕಿಂತ, ತಗಲಿದ ಮೇಲೆ ಆಗುವುದೇ ದೊಡ್ಡ ಚಿಂತೆ.

ಜ್ವರ ಬಂದಾಗ ಆರೋಗ್ಯವಂತರಲ್ಲಿ ಮೂತ್ರಪಿಂಡದ ಮೇಲಿರುವ ಈ ಅಡ್ರಿನಲ್ ಗ್ರಂಥಿ ಹೆಚ್ಚು ಕಾರ್ಟಿಸೋಲ್ ಸುರಿಸಿ ರಕ್ತದೊತ್ತಡ ಕುಸಿಯದಂತೆ ಕಾಯುತ್ತದೆ. ತಾಯಿಯವರ ಗ್ರಂಥಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಜ್ವರದ ದಿನಗಳಲ್ಲಿ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಎರಡು ಅಥವಾ ಮೂರು ಪಟ್ಟು ಏರಿಸುತ್ತಾರೆ. ಅವರಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ಮಾತ್ರೆಯನ್ನು ಮಾತ್ರ ಎಂದೂ ನಿಲ್ಲಿಸಬೇಡಿ.

ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ತೀವ್ರ ಸುಸ್ತು ಅಥವಾ ಗೊಂದಲ ಕಂಡರೆ ಕಾಯಬೇಡಿ. 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಮತ್ತು ಸಲೈನ್ ತುರ್ತಾಗಿ ಬೇಕು. ಡೆಂಗಿಯಲ್ಲೂ ರಕ್ತದೊತ್ತಡ ಇಳಿಯುವುದರಿಂದ, ಅದು ಡೆಂಗಿಯಿಂದಲೋ ಕಾರ್ಟಿಸೋಲ್ ಕೊರತೆಯಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಡೆಂಗಿಗೆ ಹೈಡ್ರೊಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಕೊಡುವ ವಾಡಿಕೆಯಿಲ್ಲ. ಆದರೆ ತಾಯಿಯವರಿಗೆ ಅದು ದೇಹದಲ್ಲಿ ಇಲ್ಲದ ಹಾರ್ಮೋನಿನ ಬದಲಿ, ಕೊಡಲೇಬೇಕು ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಕಾಯಿಲೆಯ ಹೆಸರಿರುವ ಚೀಟಿ ಸದಾ ಅವರ ಪರ್ಸಿನಲ್ಲಿರಲಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಮತ್ತು ಐಬುಪ್ರೊಫೇನ್ ಬೇಡ.

ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗೆ. ಆ ತಿಂಗಳುಗಳಲ್ಲಿ ಸೊಪ್ಪು, ದರಗು ತರಲು ಅವರನ್ನು ಕಾಡಿಗೆ ಕಳುಹಿಸಬೇಡಿ. ಪ್ರತಿವರ್ಷ ಫ್ಲೂ ಲಸಿಕೆಯನ್ನೂ ಹಾಕಿಸಿ.

ಥೈರಾಯ್ಡ್ ಕೊರತೆಯಷ್ಟೇ ಇದ್ದು, ಮಾತ್ರೆಯಿಂದ ಹತೋಟಿಯಲ್ಲಿರುವವರಿಗೆ ಇಷ್ಟು ಆತಂಕ ಬೇಕಿಲ್ಲ.